ಗಂಜಿ, ಉಪ್ಪಿನಕಾಯಿ, ನೀರುಮಜ್ಜಿಗೆ: ಬಸುರಿಗೆ ಇಷ್ಟು ಸಾಕೇ?

ಪ್ರಶ್ನೆ: ನಾನು ಬದಿಯಡ್ಕ ಕಡೆಯವಳು, ಐದು ತಿಂಗಳ ಚೊಚ್ಚಲ ಬಸುರಿ. ನಾವು ಸಸ್ಯಾಹಾರಿಗಳು. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಸಾರು. ರಾತ್ರಿ ಗಂಜಿ, ಉಪ್ಪಿನಕಾಯಿ, ನೀರುಮಜ್ಜಿಗೆ. ಹೆಚ್ಚು ಉಂಡರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟವೆಂದು ಅತ್ತೆ ಹೇಳುತ್ತಾರೆ. ಕಬ್ಬಿಣದ ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ, ಬಿಟ್ಟಿದ್ದೇನೆ. ನನ್ನ ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ. ನಾನೀಗ ತಿನ್ನುವುದಕ್ಕೂ ಮಗುವಿಗೆ ದೊಡ್ಡವನಾದ ಮೇಲೆ ಬರುವ ಕಾಯಿಲೆಗೂ ಸಂಬಂಧವಿದೆಯೇ?

ಉತ್ತರ: ಇದೆ. ಕಾಯಿಲೆ ಬಂದೇ ಬರುತ್ತದೆಂದಲ್ಲ, ಅದು ಬರುವ ಸಾಧ್ಯತೆ ಹೆಚ್ಚುಕಡಿಮೆಯಾಗುತ್ತದೆ. ಮೂತ್ರಪಿಂಡದಲ್ಲಿ ರಕ್ತ ಸೋಸುವ ಸಣ್ಣ ಸಣ್ಣ ಜಾಲರಿಗಳು ಬಸುರಿನ 36ನೇ ವಾರದ ಹೊತ್ತಿಗೆ ಮೂಡಿ ಮುಗಿಯುತ್ತವೆ. ಆಮೇಲೆ ಹೊಸದು ಹುಟ್ಟುವುದಿಲ್ಲ. ಪೋಷಣೆ ಸಾಲದೆ ಅವು ಕಡಿಮೆಯಾದರೆ ಮುಂದೆ ರಕ್ತದೊತ್ತಡಕ್ಕೆ ದಾರಿ. 1944-45ರ ಚಳಿಗಾಲದಲ್ಲಿ ನೆದರ್ಲೆಂಡ್ಸ್‌ನಲ್ಲಿ ಬರಗಾಲ ಬಿದ್ದಾಗ ಗರ್ಭದಲ್ಲಿದ್ದವರಲ್ಲಿ, ನಡುವಯಸ್ಸಿಗೆ ಬಂದಾಗ, ಸಕ್ಕರೆ ಅರಗಿಸುವ ಶಕ್ತಿ ಕುಂದಿದ್ದು ಕಂಡುಬಂತು.

ನಿಮಗೆ ಇನ್ನೂ ಹತ್ತಿರದ್ದು ಪುಣೆ ಸುತ್ತಲಿನ ಹಳ್ಳಿಗಳಲ್ಲಿ ಡಾ. ಯಾಜ್ಞಿಕ್ ತಂಡ 1993ರಲ್ಲಿ ಆರಂಭಿಸಿದ ಅಧ್ಯಯನ. ಅಲ್ಲಿನ ಬಸುರಿಯರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಬಿ-12 ಎಂಬ ಜೀವಸತ್ವ ಕಡಿಮೆಯಿತ್ತು. ಫೋಲೇಟ್ (ಮಾತ್ರೆಯಲ್ಲಿ ಫೋಲಿಕ್ ಆಮ್ಲವಾಗಿ ಸಿಗುವ ಜೀವಸತ್ವ) ಹೆಚ್ಚಿದ್ದು ಬಿ-12 ಕಡಿಮೆಯಿದ್ದ ತಾಯಂದಿರ ಮಕ್ಕಳಲ್ಲಿ ಆರನೇ ವರ್ಷಕ್ಕೇ ಇನ್ಸುಲಿನ್ ಸರಿಯಾಗಿ ನಾಟದ ಲಕ್ಷಣ (ಮುಂದೆ ಸಕ್ಕರೆ ಕಾಯಿಲೆಗೆ ದಾರಿ) ಎಲ್ಲರಿಗಿಂತ ಹೆಚ್ಚಾಗಿತ್ತು. ಇದನ್ನು ಓದಿ ಫೋಲಿಕ್ ಆಮ್ಲ ಬಿಡಬೇಡಿ, ಅದು ಬೇಕೇ ಬೇಕು. ಜೊತೆಗೆ ಬಿ-12 ಸೇರಿಸಬೇಕು, ಅಷ್ಟೇ.

ಸೊಪ್ಪಿನಲ್ಲಿ ಬಿ-12 ಇಲ್ಲ. ಬಸಳೆ, ಹರಿವೆ, ನುಗ್ಗೆಸೊಪ್ಪು, ತಂಬುಳಿ ಬೇರೆ ಕಾರಣಕ್ಕೆ ಒಳ್ಳೆಯವು. ಸಸ್ಯಾಹಾರಿಗೆ ಅದು ಸಿಗುವುದು ಹಾಲು, ಮೊಸರಿನಿಂದ. ನಿಮ್ಮ ನೀರುಮಜ್ಜಿಗೆಯ ಲೋಟವನ್ನೇ ನೋಡಿ: ಎರಡು ಚಮಚ ಮೊಸರು, ಉಳಿದದ್ದೆಲ್ಲ ನೀರು. ಅದು ಲೆಕ್ಕಕ್ಕೆ ಬಾರದು. ದಿನಕ್ಕೆ ಹಾಲು, ಗಟ್ಟಿ ಮೊಸರು ಸೇರಿ ಅರ್ಧ ಲೀಟರ್ ಇರಲಿ. ಅಂದಾಜು 2 ಮೈಕ್ರೋಗ್ರಾಂ ಬಿ-12 ಸಿಗುತ್ತದೆ, ಬೇಕಾದದ್ದು ಸುಮಾರು ಎರಡೂವರೆ. ಹಾಲನ್ನು ಬಹಳ ಹೊತ್ತು ಕುದಿಸಿದರೆ ಅದರಲ್ಲೂ ನಷ್ಟ. ಆದ್ದರಿಂದ ರಕ್ತದಲ್ಲಿ ಬಿ-12 ನೋಡಿಸಿ, ಕೊರತೆಯಿದ್ದರೆ ಮಾತ್ರೆ ಕೇಳಿ. ಮೀನು ತಿನ್ನುವ ಮನೆಯವರಿಗೆ ಬೂತಾಯಿ, ಬಂಗುಡೆ ಸಾಕು. ತಾಟೆಯಂಥ ದೊಡ್ಡ ಮೀನಿನಲ್ಲಿ ಪಾದರಸ ಸೇರಿಕೊಳ್ಳುವುದರಿಂದ ಈಗ ಬೇಡ.

ಕೊನೆಯ ಮೂರು ತಿಂಗಳಲ್ಲಿ ದಿನಕ್ಕೆ 22 ಗ್ರಾಂ ಹೆಚ್ಚಿನ ಪ್ರೋಟೀನ್ ಬೇಕು. ಅರ್ಧ ಲೀಟರ್ ಹಾಲಿನಲ್ಲಿ 16, ಒಂದು ಹಿಡಿ (30 ಗ್ರಾಂ) ಹೆಸರುಕಾಳಿನಲ್ಲಿ 7. ರಾತ್ರಿ ಗಂಜಿಗೆ ಉಪ್ಪಿನಕಾಯಿಯ ಬದಲು ಹೆಸರುಕಾಳಿನ ಗಸಿ ಇಟ್ಟರೆ ಆಯಿತು.

ಅತ್ತೆಯವರ ಮಾತು ಪ್ರೀತಿಯಿಂದ ಬಂದದ್ದು, ಆದರೆ ಸರಿಯಲ್ಲ. ಕಡಿಮೆ ಉಂಡರೆ ಹೆರಿಗೆ ಸಲೀಸಾಗುವ ಖಾತ್ರಿಯಿಲ್ಲ, ಮಗು ಎರಡೂವರೆ ಕಿಲೋಗಿಂತ ಕಡಿಮೆ ಹುಟ್ಟುವ ಅಪಾಯವಂತೂ ಇದೆ. ಸಾಧಾರಣ ಮೈಕಟ್ಟಿನ ಬಸುರಿಯ ತೂಕ ಒಟ್ಟು 10-12 ಕಿಲೋ ಏರಬೇಕು. ಮಗು ಅತಿ ದಪ್ಪವಾಗುವುದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ತಾಯಿಯ ಸಕ್ಕರೆ ಕಾಯಿಲೆ. ನಿಮ್ಮ ಅಪ್ಪನಿಗೆ ಇರುವುದರಿಂದ 24ರಿಂದ 28ನೇ ವಾರದೊಳಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ ತಪ್ಪಿಸಬೇಡಿ. ಎರಡು ಗಂಟೆಯ ನಂತರ ರಕ್ತದ ಸಕ್ಕರೆ 140 (ಮಿಲಿಗ್ರಾಂ/ಡೆಸಿಲೀಟರ್) ಅಥವಾ ಹೆಚ್ಚು ಬಂದರೆ ಅದು ಬಸುರಿನ ಸಕ್ಕರೆ ಕಾಯಿಲೆ. ಮೊದಲ ಮದ್ದು ಊಟದ ಬದಲಾವಣೆಯೇ.

ಕಬ್ಬಿಣದ ಮಾತ್ರೆ (60 ಮಿಲಿಗ್ರಾಂ, ಅದರಲ್ಲೇ ಫೋಲಿಕ್ ಆಮ್ಲವೂ ಇದೆ) ಇವತ್ತೇ ಮತ್ತೆ ಶುರುಮಾಡಿ. ರಾತ್ರಿ ಊಟವಾಗಿ ಒಂದು ಗಂಟೆ ಬಿಟ್ಟು, ಮಲಗುವ ಮೊದಲು, ಲಿಂಬೆ ಶರಬತ್ತಿನ ಜೊತೆ ನುಂಗಿದರೆ ತೊಳಸುವುದು ಕಡಿಮೆ. ಚಹಾ, ಕಾಫಿ, ಹಾಲು ಆ ಹೊತ್ತಿಗೆ ಬೇಡ. ಕ್ಯಾಲ್ಸಿಯಂ ಮಾತ್ರೆ ಕಬ್ಬಿಣವನ್ನು ಹೀರದಂತೆ ತಡೆಯುತ್ತದೆ. ಅದನ್ನು ಬೆಳಗಿನ ತಿಂಡಿ ಮತ್ತು ಮಧ್ಯಾಹ್ನದ ಊಟದ ಜೊತೆ ತೆಗೆದುಕೊಳ್ಳಿ. ಮಲ ಕಪ್ಪಾದರೆ ಹೆದರಬೇಡಿ. ಆದರೂ ವಾಂತಿಯಾದರೆ ಬೇರೆ ಮಾತ್ರೆ ಬರೆಸಿಕೊಳ್ಳಿ, ನೀವಾಗಿ ನಿಲ್ಲಿಸಬೇಡಿ.

ಒಂದು ಮಾತು ಉಪ್ಪಿನ ಬಗ್ಗೆ. ಅಡುಗೆಗೂ ಅಯೋಡಿನ್ ಇಲ್ಲದ ಕಲ್ಲುಪ್ಪನ್ನೇ ಬಳಸುವ ಮನೆಗಳಿವೆ. ಮಗುವಿನ ಮೆದುಳು ಬೆಳೆಯಲು ಅಯೋಡಿನ್ ಬೇಕು. ಪೊಟ್ಟಣದ ಮೇಲೆ ಓದಿ ತನ್ನಿ, ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿಡಿ, ಒಲೆಯಿಂದ ಇಳಿಸುವ ಹೊತ್ತಿಗೆ ಹಾಕಿ.