ಹೊಸ ಫ್ರಿಜ್ ಪದೇ ಪದೇ ಕೆಟ್ಟರೆ ಅಂಗಡಿಯವರು ಬದಲಿಸಿ ಕೊಡಲೇಬೇಕಾ?

ನೀವು ಕೇಳಿರೋದು ಇಷ್ಟು: ದಾವಣಗೆರೆಯಲ್ಲಿ 26,000 ರೂಪಾಯಿ ಕೊಟ್ಟು ಫ್ರಿಜ್ ತಂದಿರಿ, ತಿಂಗಳೊಳಗೇ ಕೂಲಿಂಗ್ ನಿಂತಿತು, ಸರ್ವಿಸ್‌ನವರು ಎರಡು ಸಲ ಬಂದು ಗ್ಯಾಸ್ ತುಂಬಿಸಿ ಹೋದರು, ಮತ್ತೆ ಅದೇ ಕತೆ. ಅಂಗಡಿಯವರು "ನಮ್ಮದು ಮುಗೀತು, ಕಂಪನಿ ಜೊತೆ ಮಾತಾಡ್ಕೊಳ್ಳಿ" ಅಂತಿದ್ದಾರೆ. ಬಿಲ್‌ನ ಕೆಳಗೆ "ಒಮ್ಮೆ ಮಾರಿದ ವಸ್ತುವನ್ನು ವಾಪಸ್ ಪಡೆಯುವುದಿಲ್ಲ" ಅಂತ ಅಚ್ಚಾಗಿದೆ.

ಆ ಸಾಲಿಗೆ ದಯವಿಟ್ಟು ಹೆದರಬೇಡಿ. ಬಣ್ಣ ಹಿಡಿಸಲಿಲ್ಲ, ಅಡುಗೆಮನೆಯಲ್ಲಿ ಜಾಗ ಸಾಲಲಿಲ್ಲ ಅಂತ ವಾಪಸ್ ಒಯ್ದರೆ ಅವರು ಆಗಲ್ಲ ಅನ್ನಬಹುದು. ವಸ್ತುವಿನಲ್ಲೇ ದೋಷ ಇದ್ದರೆ ಆ ಸಾಲು ನಿಲ್ಲುವುದಿಲ್ಲ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ: ದೋಷವಿರುವ ಮಾಲನ್ನು ವಾಪಸ್ ತಗೊಂಡು, ಬಿಲ್‌ನಲ್ಲಿ ಬರೆದ ಅವಧಿಯೊಳಗೆ, ಏನೂ ಬರೆದಿಲ್ಲದಿದ್ದರೆ 30 ದಿನದೊಳಗೆ ಹಣ ಹಿಂದಿರುಗಿಸಲು ಒಪ್ಪದಿದ್ದರೆ ಅದು ಅನುಚಿತ ವ್ಯಾಪಾರ. ಬಿಲ್ ಕೊಡದೇ ಇರುವುದೂ ಅದೇ ಪಟ್ಟಿಯಲ್ಲಿದೆ. ಇನ್ನು "ಕಂಪನಿಯನ್ನು ಕೇಳಿ" ಅನ್ನೋ ಮಾತು. ನಿಮ್ಮ ಹಣ ಎಣಿಸಿಕೊಂಡವರು ಅಂಗಡಿಯವರು, ಅಲ್ವಾ? ಅವರಿಗೂ ಬರೆಯಿರಿ, ಕಂಪನಿಗೂ ಬರೆಯಿರಿ. ಮುಂದೆ ಗ್ರಾಹಕರ ಆಯೋಗಕ್ಕೆ (ಗ್ರಾಹಕರ ದೂರು ಕೇಳಿ ಆದೇಶ ಕೊಡುವ, ಕೋರ್ಟಿನಂಥ ಸಂಸ್ಥೆ) ದೂರು ಕೊಡುವಾಗ ಇಬ್ಬರನ್ನೂ ಎದುರುದಾರರನ್ನಾಗಿ ಸೇರಿಸಿ. ಯಾರ ತಪ್ಪು ಎಷ್ಟು ಅನ್ನೋದನ್ನು ಅವರಿಬ್ಬರೇ ಅಲ್ಲಿ ಹೇಳಿಕೊಳ್ಳಲಿ, ನೀವು ಮಧ್ಯದಲ್ಲಿ ಓಡಾಡಿ ಸುಸ್ತಾಗುವ ಅಗತ್ಯ ಇಲ್ಲ.

ಆದರೆ "ಬದಲಿಸಿ ಕೊಡಲೇಬೇಕಾ" ಅನ್ನೋದಕ್ಕೆ ಕಣ್ಣು ಮುಚ್ಚಿ ಹೌದು ಅಂದರೆ ನಿಮಗೆ ಸುಳ್ಳು ಹೇಳಿದ ಹಾಗೆ. ಗ್ರಾಹಕರ ಆಯೋಗ ದೋಷ ಸರಿಪಡಿಸಿ ಅನ್ನಬಹುದು, ಹೊಸದು ಕೊಡಿ ಅನ್ನಬಹುದು, ಬಡ್ಡಿ ಸಮೇತ ಹಣ ವಾಪಸ್ ಮಾಡಿ ಅನ್ನಬಹುದು, ಜೊತೆಗೆ ಪರಿಹಾರವನ್ನೂ ಕೊಡಿಸಬಹುದು. ಯಾವುದು ಅನ್ನೋದು ದೋಷ ಎಂಥದ್ದು ಅನ್ನೋದರ ಮೇಲೆ ನಿಂತಿದೆ. ಮಾರುತಿ ಕಾರಿನ ಒಂದು ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್, ಕೆಟ್ಟ ಭಾಗವನ್ನು ಬದಲಿಸಿದರೆ ಸಾಕಾಗುವಾಗ ಇಡೀ ಕಾರನ್ನೇ ಹೊಸದು ಕೊಡಿ ಅನ್ನಲಾಗದು ಎಂದಿತ್ತು. ನಿಮ್ಮ ವಿಷಯದಲ್ಲಿ ರಿಪೇರಿ ಆದಮೇಲೂ ಅದೇ ದೋಷ ಮತ್ತೆ ಮತ್ತೆ ಬರ್ತಿದೆ. ನಿಮ್ಮ ಬಲ ಇರೋದೇ ಅಲ್ಲಿ. ಅದನ್ನು ಕಾಗದದಲ್ಲಿ ತೋರಿಸಬೇಕು.

ಜನ ಸೋಲೋದು ಇಲ್ಲೇ, ಅದಕ್ಕೇ ಜಾಸ್ತಿ ಹೇಳ್ತಿದ್ದೇನೆ. ಸರ್ವಿಸ್ ಹುಡುಗ ಬಂದು ನೋಡಿ, "ಚೆಕ್ ಮಾಡಿದೆ, ಸರಿಯಿದೆ" ಅಂತ ಗೀಚಿ ನಿಮ್ಮ ಸಹಿ ತಗೊಂಡು ಹೋಗಿಬಿಡ್ತಾನೆ. ನಮ್ಮ ಅಕ್ಕನ ಮನೆಯ ವಾಷಿಂಗ್ ಮೆಷಿನ್‌ಗೂ ಹೀಗೇ ಆಯಿತು. ಆಮೇಲೆ ಅವಳು ಗಟ್ಟಿ ನಿಂತು, "ಹಿಂದಿನ ದೋಷವೇ ಮತ್ತೆ ಬಂದಿದೆ" ಅಂತ ಜಾಬ್ ಶೀಟ್‌ನಲ್ಲಿ, ಅಂದರೆ ಸರ್ವಿಸ್‌ನವರು ಮಾಡಿದ ಕೆಲಸ ಬರೆಯುವ ಹಾಳೆಯಲ್ಲಿ, ಬರೆಸಿಕೊಂಡಳು. ಆ ಹಾಳೆಯ ಫೋಟೋ ಹಾಕಿ ನೋಟಿಸ್ ಕಳಿಸಿದ ಮೇಲೆ ಕಂಪನಿ ಬೇರೆ ಮೆಷಿನ್ ಕೊಟ್ಟಿತು. ನೀವೂ ಜಾಬ್ ಶೀಟ್‌ನಲ್ಲಿ ತಾರೀಕು, ದೋಷ, ಏನು ಮಾಡಿದರು, ಇಷ್ಟೂ ಇಲ್ಲದೆ ಸಹಿ ಹಾಕಬೇಡಿ. ಬರೆಯಲು ಒಪ್ಪದಿದ್ದರೆ ಅವತ್ತೇ ಕಂಪನಿಗೆ ಇಮೇಲ್ ಮಾಡಿ, ಬಂದಿದ್ದರು, ಬರೆದುಕೊಡಲಿಲ್ಲ ಅಂತ. ಫೋನಿನಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತೆ.

ಆಮೇಲೆ ಒಂದು ಪುಟದ ಪತ್ರ. ಯಾವಾಗ ಕೊಂಡಿರಿ, ಎಷ್ಟು ಕೊಟ್ಟಿರಿ, ಯಾವ ಯಾವ ದಿನ ಕೆಟ್ಟಿತು, ನಿಮಗೆ ಬೇಕಿರೋದು ಬದಲಿ ಫ್ರಿಜ್ಜಾ ಹಣವಾ, 15 ದಿನದಲ್ಲಿ ಉತ್ತರ ಕೊಡಿ. ಬೈಗುಳ ಬೇಡ. ಇಬ್ಬರಿಗೂ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಜೊತೆಗೆ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅವರಿಗೆ ಆದೇಶ ಮಾಡುವ ಅಧಿಕಾರ ಇಲ್ಲ, ಆದರೆ ದೂರನ್ನು ಕಂಪನಿಗೆ ತಲುಪಿಸಿ ಉತ್ತರ ಕೇಳ್ತಾರೆ, ಎಷ್ಟೋ ಸಲ ಅಲ್ಲೇ ಬಗೆಹರಿಯುತ್ತೆ.

ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 50 ಲಕ್ಷದವರೆಗಿನ ಖರೀದಿಯ ದೂರು ಅಲ್ಲೇ, 5 ಲಕ್ಷದವರೆಗೆ ಶುಲ್ಕವೂ ಇಲ್ಲ. ವಕೀಲರು ಇರಲೇಬೇಕು ಅಂತಿಲ್ಲ, ನೀವೇ ನಿಂತು ಹೇಳಬಹುದು. ನೀವಿರುವ ಊರಿನ ಆಯೋಗದಲ್ಲೇ ಕೊಡಬಹುದು, ಕಂಪನಿಯ ಕಚೇರಿ ಮುಂಬೈಯಲ್ಲೋ ದೆಹಲಿಯಲ್ಲೋ ಇದ್ದರೂ ನೀವು ಅಲ್ಲಿಗೆ ಹೋಗಬೇಕಿಲ್ಲ. ಆನ್‌ಲೈನ್‌ನಲ್ಲಿ ಇ-ಜಾಗೃತಿ ಅನ್ನೋ ಸರ್ಕಾರಿ ಪೋರ್ಟಲ್ ಮೂಲಕವೂ ಸಲ್ಲಿಸಬಹುದು. ಕಾಯ್ದೆ ಹೇಳೋದು 3 ತಿಂಗಳಲ್ಲಿ, ಲ್ಯಾಬ್ ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ. ನಿಜದಲ್ಲಿ ಇನ್ನೂ ಎಳೆಯಬಹುದು, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ದೂರು ಕೊಡಲು 2 ವರ್ಷ ಸಮಯ ಇದೆ, ಹಾಗಂತ ಸುಮ್ನೆ ಕೂರಬೇಡಿ, ವಾರಂಟಿ ಇರುವಾಗಲೇ ಪತ್ರ ಹೋಗಲಿ.

ಒಂದು ಮರೆತಿದ್ದೆ. ಬೇಸತ್ತು ಹೊರಗಿನ ಮೆಕ್ಯಾನಿಕ್ ಕೈಲಿ ಫ್ರಿಜ್ ಬಿಚ್ಚಿಸಬೇಡಿ. ಬಿಚ್ಚಿಸಿದರೆ ದೋಷ ಅವನಿಂದಲೇ ಬಂತು ಅಂತ ಕಂಪನಿ ವಾದ ಮಾಡುತ್ತೆ, ಆಗ ಅಲ್ಲ ಅಂತ ತೋರಿಸುವ ಕೆಲಸ ನಿಮ್ಮ ತಲೆಗೆ ಬರುತ್ತೆ.