ಮಳೆ ಲೆಕ್ಕದ ಫೈಲಿಗೆ ರಿಕರ್ಷನ್ ಬೇಡ

ಪ್ರಿಯ ಬರಹಗಾರರೇ,

ತೋಟದ ಮಳೆ ಲೆಕ್ಕವನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸ್ಕ್ರಿಪ್ಟ್ (ಚಿಕ್ಕ ಪ್ರೋಗ್ರಾಮ್) ಬರೆದು ಊರುವಾರು ಕೂಡಿಸುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಕೊಡಗಿನ ಓದುಗರಿಗೆ ಬೇಕಾದದ್ದೇ. ಇಲ್ಲಿ ತೋಟದವರು ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ) ಬರೆದಿಡುತ್ತಾರೆ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಎಷ್ಟು ಸೆಂಟು ಬಿತ್ತು ಅನ್ನುವುದು ರೊಬಸ್ಟಾ ಕಾಫಿ ಫಸಲಿನ ಪ್ರಶ್ನೆ. ಆದರೆ ಲೇಖನವನ್ನು ಈಗಿರುವಂತೆ ಪ್ರಕಟಿಸಲಾರೆ.

ನಿಮ್ಮ ಫಂಕ್ಷನ್ ಒಂದು ಸಾಲು ಓದಿ, ಮುಂದಿನ ಸಾಲಿಗಾಗಿ ಮತ್ತೆ ತನ್ನನ್ನೇ ಕರೆಯುತ್ತದೆ; ರಿಕರ್ಷನ್ ಅಂದರೆ ಇದೇ. ಮಾದರಿ ಫೈಲು ಚಿಕ್ಕದು, ನಡೆದುಹೋಯಿತು. ಪೈಥಾನ್‌ನಲ್ಲಿ ಇಂಥ ಕರೆಗಳಿಗೆ ಸಾಮಾನ್ಯವಾಗಿ ಇರುವ ಮಿತಿ 1000. ದಿನಕ್ಕೊಂದು ಸಾಲಿನಂತೆ ಒಂದೇ ಊರಿಗೆ ಮೂರು ವರ್ಷದಲ್ಲಿ 1095 ಸಾಲು ಆಗುತ್ತದೆ. ಮೂರನೇ ವರ್ಷ ಮುಗಿಯುವ ಮೊದಲೇ ಸ್ಕ್ರಿಪ್ಟ್ ನಿಂತುಬಿಡುತ್ತದೆ. ‘ಮಿತಿ ಏರಿಸಿಕೊಳ್ಳಿ’ ಎಂದು ಬರೆದಿದ್ದೀರಿ. ಆ ಸಲಹೆ ತೆಗೆದುಹಾಕಿ.

ವಿಭಾಗದೊಳಗೆ ವಿಭಾಗ ಇದ್ದಿದ್ದರೆ ರಿಕರ್ಷನ್‌ಗೆ ಅರ್ಥವಿತ್ತು. ನಿಮ್ಮ ಫೈಲಿನಲ್ಲಿ [ಭಾಗಮಂಡಲ], [ನಾಪೋಕ್ಲು], [ಸುಂಟಿಕೊಪ್ಪ] ಎಂಬ ಊರಿನ ತಲೆಬರಹಗಳು ಒಂದರ ಕೆಳಗೊಂದು ಇವೆ, ಅಷ್ಟೆ. ಸಾಲುಗಳನ್ನು ಒಂದೊಂದಾಗಿ ಓದುತ್ತ ಹೋಗುವ ಒಂದು ಫಾರ್ ಲೂಪ್ ಸಾಕು. ಈಗಿನ ಊರಿನ ಹೆಸರಿಗೆ ಒಂದು ವೇರಿಯೇಬಲ್, ಸಾಲುಗಳಿಗೆ ಒಂದು ಖಾಲಿ ಲಿಸ್ಟ್ ಇಟ್ಟುಕೊಳ್ಳಿ. ಸಾಲಿನ ಹಿಂದುಮುಂದಿನ ಸ್ಪೇಸ್ ತೆಗೆದು ನೋಡಿ. ಚೌಕ ಕಂಸದಿಂದ ಶುರುವಾಗಿದ್ದರೆ ಹಿಂದಿನ ಊರಿನ ಮೊತ್ತ ಬರೆದು, ಲಿಸ್ಟ್ ಖಾಲಿ ಮಾಡಿ, ಹೆಸರು ಬದಲಿಸಿ; ಇಲ್ಲವಾದರೆ ಸಾಲನ್ನು ಲಿಸ್ಟಿಗೆ ಸೇರಿಸಿ. ಮೊದಲ ಊರು ಬಂದಾಗ ಅದರ ಹಿಂದೆ ಯಾವ ಊರೂ ಇರುವುದಿಲ್ಲ, ಅದನ್ನೂ ನೋಡಿಕೊಳ್ಳಿ.

ಇನ್ನು ಕೊನೆಯ ಊರು. ಅದರ ನಂತರ ಬೇರೆ ತಲೆಬರಹ ಬರುವುದಿಲ್ಲವಾದ್ದರಿಂದ ಅದರ ಮೊತ್ತ ಬರೆಯುವ ಸಂದರ್ಭವೇ ಒದಗುವುದಿಲ್ಲ. ಲೂಪ್ ಮುಗಿದ ಮೇಲೆ ಇನ್ನೊಮ್ಮೆ ಬರೆಯಬೇಕು. ನೀವು ಅಚ್ಚಿಗೆ ಕೊಟ್ಟ ಫಲಿತಾಂಶವನ್ನೇ ನೋಡಿ: ಅದರಲ್ಲಿ ಸುಂಟಿಕೊಪ್ಪ ಇಲ್ಲ. ಎರರ್ ಬಂದರೆ ತಪ್ಪು ತಿಳಿಯುತ್ತದೆ, ಇಲ್ಲಿ ಅದೂ ಬಂದಿಲ್ಲ. ನನಗೆ ಹೆಚ್ಚು ಕಳವಳವಾದದ್ದು ಇದರಿಂದಲೇ. ಯಾರೋ ಈ ಪಟ್ಟಿ ನಂಬಿ ಹೋದ ವರ್ಷದ ಮಳೆಗೆ ಹೋಲಿಸಿ ನೋಡುತ್ತಾರೆ.

ಬರವಣಿಗೆಯ ಬಗ್ಗೆ: ಮಂಜು, ಬೆಟ್ಟ, ಕಾಫಿ ಹೂವಿನ ಘಮದ ಮೊದಲ ಎರಡು ಪುಟ ಬಿಟ್ಟುಬಿಡಿ. ಮಳೆ ರಿಜಿಸ್ಟರಿನ ನಾಲ್ಕು ಸಾಲುಗಳಿಂದಲೇ ಶುರುಮಾಡಿ. ಮಳೆ ಬೀಳದ ದಿನಕ್ಕೆ 0, ಅಳೆಯದ ದಿನಕ್ಕೆ ಖಾಲಿ ಎಂದು ಬೇರೆ ಮಾಡಿದ ಪ್ಯಾರಾ ಬಹಳ ಚೆನ್ನಾಗಿದೆ. ಅದರಲ್ಲಿ ಒಂದು ಅಕ್ಷರವನ್ನೂ ಬದಲಿಸಬೇಡಿ.

ಹೊಸ ಸ್ಕ್ರಿಪ್ಟನ್ನು ಮೂರು ವರ್ಷದ ಪೂರ್ತಿ ಫೈಲಿನ ಮೇಲೆ ಓಡಿಸಿ, ಪ್ರತಿ ಊರಿನ ಮೊತ್ತವನ್ನು ರಿಜಿಸ್ಟರಿನ ಜೊತೆ ತಾಳೆ ನೋಡಿ ಕಳಿಸಿ. ಮೊದಲು ನಾನೇ ಓದುತ್ತೇನೆ.

ಇತಿ,
ಸಂಪಾದಕ, ಮಡಿಕೇರಿ