ಕೊನೆ ಗಳಿಗೆಯಲ್ಲಿ ಬುಕಿಂಗ್ ರದ್ದು ಮಾಡುವ, ಬಂದರೆ ತಲೆನೋವು ಕೊಡುವ ಅತಿಥಿಗಳನ್ನು ನಿಭಾಯಿಸುವುದು ಹೇಗೆ?

ಚಿತ್ರದುರ್ಗದ ಕೋಟೆಗೆ ಹತ್ತಿರವಿರುವ ನಮ್ಮ ಮನೆಯ ಮಹಡಿಯನ್ನು ಏರ್‌ಬಿಎನ್‌ಬಿ ಎಂಬ ವಸತಿ ಬುಕಿಂಗ್ ಆ್ಯಪ್ ಮೂಲಕ ದಿನದ ಬಾಡಿಗೆಗೆ ಕೊಡುತ್ತೇನೆ. ರದ್ದತಿಯ ನಷ್ಟ ಬಹುಪಾಲು ಆ್ಯಪ್‌ನಲ್ಲಿ ನಾವೇ ಆರಿಸಿಕೊಂಡ ರದ್ದತಿ ನಿಯಮದ ಫಲ. 'ಫ್ಲೆಕ್ಸಿಬಲ್' ಆರಿಸಿದರೆ ಚೆಕ್‌ಇನ್‌ಗೆ 24 ಗಂಟೆ ಮೊದಲು ಬೇಡವೆಂದವರಿಗೂ ಪೂರ್ತಿ ಹಣ ವಾಪಸ್. 'ಮಾಡರೇಟ್' ಆದರೆ 5 ದಿನ ಮೊದಲೇ ಹೇಳಬೇಕು. ನನ್ನಲ್ಲಿಗೆ ಬರುವವರು ಹೆಚ್ಚಾಗಿ ಬೆಂಗಳೂರಿನಿಂದ ಶನಿವಾರ ಬಂದು ಭಾನುವಾರ ಮರಳುವವರು. ಶುಕ್ರವಾರ ಖಾಲಿಯಾದ ಕೋಣೆ ಮತ್ತೆ ತುಂಬುವುದಿಲ್ಲ. ಅದಕ್ಕೇ ಮಾಡರೇಟ್‌ಗೆ ಬದಲಾಯಿಸಿಕೊಂಡೆ. ಸಿಟ್ಟಿಗೆದ್ದು ನೀವೇ ರದ್ದು ಮಾಡಲು ಹೋಗಬೇಡಿ. ದಂಡ ಬೀಳಬಹುದು, ಆ ದಿನಾಂಕಕ್ಕೆ ಬೇರೆ ಬುಕಿಂಗ್ ಪಡೆಯಲೂ ಆಗದಿರಬಹುದು.

ಕಿರಿಕಿರಿಯ ಅತಿಥಿಗಳೆಂದರೆ, ಒಮ್ಮೆ ಇಬ್ಬರೆಂದು ಬುಕ್ ಮಾಡಿ ಏಳು ಮಂದಿ ಬಂದಿಳಿದರು. ಬೆಳಿಗ್ಗೆ ನೋಡಿದರೆ ಮೇಲಿನ ಟ್ಯಾಂಕ್ ಬರಿದು, ಹೊಸ ಹಾಸಿಗೆಯ ಮೇಲೆ ಮಿರ್ಚಿ ಮಂಡಕ್ಕಿಯ ಎಣ್ಣೆಕಲೆ. (ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹಾಕಿಸಿದವರಿಗೇ ಗೊತ್ತು ಆ ಸಂಕಟ.) ಫೋನಿನಲ್ಲಿ ಗಂಟಲು ಹರಿಯುವಂತೆ ಜಗಳವಾಡಿದೆ, ಅದರಲ್ಲಿ ಒಂದು ಮಾತೂ ದಾಖಲೆಗೆ ಸಿಗಲಿಲ್ಲ. ಈಗ ಎಲ್ಲವನ್ನೂ ಆ್ಯಪ್‌ನ ಸಂದೇಶದಲ್ಲೇ ಬರೆಯುತ್ತೇನೆ. ಅತಿಥಿ ಬರುವ ಮುನ್ನ, ಹೋದ ಮೇಲೆ ಕೋಣೆಯ ಫೋಟೊ ತೆಗೆಯುತ್ತೇನೆ, ಹಾಸಿಗೆಯದನ್ನು ಹತ್ತಿರದಿಂದ. ಹಾನಿಗೆ ಪರಿಹಾರ ಕೇಳುವುದಿದ್ದರೆ ಚೆಕ್‌ಔಟ್ ಆದ 14 ದಿನಗಳೊಳಗೆ ಕೇಳಬೇಕು.

ಇನ್ನೊಂದು ಮಾತು: ಎಲ್ಲರ ಗುರುತಿನ ಚೀಟಿ ನೋಡದೆ ಬೀಗದ ಕೈ ಕೊಡಬೇಡಿ. ವಿದೇಶಿಯರಾದರೆ ಅವರು ಬಂದ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನ್‌ನಲ್ಲಿ ಸರ್ಕಾರಕ್ಕೆ ಸಲ್ಲಿಸುವುದು ಕಡ್ಡಾಯ.